ಕೃಷಿಪತ್ತು ಮತ್ತು ಆರ್ಥಿಕ ಬೆಳವಣಿಗೆ: ಬ್ಯಾಡಗಿ ಪೇಟೆಯನ್ನು ಕುರಿತು ಒಂದು ವಿಮರ್ಶೆ

ಅಭಿವೃದ್ಧಿಶೀಲ ರಾಷ್ಟ್ರಗಳ ಅರ್ಥವ್ಯವಸ್ಥೆಯನ್ನು ಕುರಿತ ಗ್ರಂಥಗಳಲ್ಲಿ ಒಂದು ಸೂತ್ರವು ಬಹುಮಟ್ಟಿಗೆ ಪ್ರಶ್ನಾತೀತವೆಂಬಂತೆ ನಡೆದುಬಂದಿದೆ. ರೈತನಲ್ಲಿ ಬಂಡವಾಳವಿಲ್ಲ, ಅದನ್ನು ಅಲ್ಪ ಬಡ್ಡಿಗೆ ಒದಗಿಸಿದರೆ ಅವನು ಒಳ್ಳೆಯ ಬೀಜ, ಗೊಬ್ಬರ, ನೀರಾವರಿಗಳನ್ನು ಬಳಸುವನು, ಅದರಿಂದ ಹುಟ್ಟುವಳಿ ಹೆಚ್ಚುವುದು, ಹುಟ್ಟುವಳಿಯು ಹೆಚ್ಚಿದಂತೆ ಅವನ ವರಮಾನವೂ ತನ್ಮೂಲಕ ರಾಷ್ಟ್ರೀಯ ವರಮಾನವೂ ಬೆಳೆಯುವುವು ಎಂಬುದೇ ಆ ಸೂತ್ರ. ಇದನ್ನು ಸಂಖ್ಯಾಶಾಸ್ತ್ರದ ಮೂಲಕ ಪರೀಕ್ಷಿಸುವ ಪ್ರಬಂಧಗಳೂ ಹೇರಳವಾಗಿ ಹೊರಬಂದಿವೆ. ನಮ್ಮ ದೇಶದ ಬ್ಯಾಂಕುಗಳ ಸಾಲವಾಗಲಿ, ನೈಜೀರಿಯವು 1977ರಲ್ಲಿ ಶಾಸನದ ಮೂಲಕ ಸ್ಥಾಪಿಸಿದ ಕೃಷಿಸಾಲ ಖಾತರಿ ನಿಧಿಯಾಗಲಿ, ವಿಧಾನ ಒಂದೇ: ವರ್ಷವರ್ಷಕ್ಕೆ ಹಂಚಿದ ಸಾಲದ ಮೊತ್ತವನ್ನು ಒಂದು ಸಾಲಿನಲ್ಲಿಯೂ, ರಾಷ್ಟ್ರೀಯ ಉತ್ಪನ್ನವನ್ನು ಇನ್ನೊಂದು ಸಾಲಿನಲ್ಲಿಯೂ ಇಟ್ಟು ಅವೆರಡಕ್ಕಿರುವ ಸಂಬಂಧವನ್ನು ಅಳೆಯುವುದು.

ಈ ವಿಧಾನಕ್ಕೆ ಪ್ರಸಿದ್ಧವಾದ ಆಕ್ಷೇಪವೊಂದು ಮೊದಲಿನಿಂದಲೂ ಇದೆ. ಕಾರಣ ಯಾವುದು, ಕಾರ್ಯ ಯಾವುದು? 1911ರಲ್ಲಿ ಷುಂಪೀಟರನು ಪತ್ತನ್ನು ಉದ್ಯಮದ ಪ್ರೇರಕಶಕ್ತಿಯಾಗಿ ಕಂಡನು. 1952ರಲ್ಲಿ ಜೋನ್ ರಾಬಿನ್‌ಸನ್ ಅವರು ಉದ್ಯಮವು ಮುಂದೆ ನಡೆದರೆ ಹಣವು ಅದನ್ನು ಹಿಂಬಾಲಿಸುವುದೆಂದು ವಾದಿಸಿದರು. 1966ರಲ್ಲಿ ಹ್ಯೂ ಪ್ಯಾಟ್ರಿಕ್ ಅವರು ಈ ಎರಡು ಸ್ಥಿತಿಗಳನ್ನೂ ಬೇರ್ಪಡಿಸಿ, ಬೆಳವಣಿಗೆಯ ಮೊದಲ ಹಂತದಲ್ಲಿ ಪತ್ತು ಮುಂದಾಳಾಗಿಯೂ ಅನಂತರ ಅನುಚರನಾಗಿಯೂ ಇರಬಹುದೆಂದು ಸಮನ್ವಯ ಮಾಡಿದರು. ಈ ಚರ್ಚೆಯ ಬೆಲೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕಾರ್ಯಕಾರಣಗಳ ಪ್ರಶ್ನೆಗೆ ಮುಂಚೆಯೇ ಕೇಳಬೇಕಾದ ಪ್ರಶ್ನೆಯೊಂದು ಉಳಿದುಬಿಟ್ಟಿದೆ. ‘ಕೃಷಿಪತ್ತು’ ಎಂದು ಒಂದೇ ಹೆಸರಿನಿಂದ ಕರೆದು ಒಂದೇ ಸಾಲಿನಲ್ಲಿ ಕೂಡಿಸುವ ಹಣವು ವಾಸ್ತವವಾಗಿ ಒಂದೇ ವಸ್ತುವೆ? ಅದು ಬೆಳೆಯ ಯಾವ ಘಟ್ಟದಲ್ಲಿ ಯಾರ ಕೈ ಸೇರುತ್ತದೆ, ಯಾವ ಘಟ್ಟದಲ್ಲಿ ಹಿಂದಿರುಗಬೇಕಾಗುತ್ತದೆ? ಈ ಪ್ರಶ್ನೆಯನ್ನು ಹಾವೇರಿ ಜಿಲ್ಲೆಯ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ನಿದರ್ಶನದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1

ಮೊದಲು ಈ ಪ್ರದೇಶದ ಪೂರ್ವೇತಿಹಾಸವನ್ನು ನೋಡೋಣ. ಇಂದಿನ ಹಾವೇರಿ ಮತ್ತು ಗದಗ ಜಿಲ್ಲೆಗಳು 1997ರವರೆಗೆ ಧಾರವಾಡ ಜಿಲ್ಲೆಯ ಭಾಗಗಳಾಗಿದ್ದವು. ಆ ಹಳೆಯ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. 1883 ಮತ್ತು 1884ರ ಕಾಯಿದೆಗಳಂತೆ ಸರಕಾರವು ಕೊಡುತ್ತಿದ್ದ ತಗಾವಿ ಸಾಲವು ಬರಗಾಲದ ಪರಿಹಾರಕ್ಕೆ ಒದಗಿತೇ ಹೊರತು ನಿತ್ಯದ ಬೇಸಾಯಕ್ಕೆ ಸಾಕಾಗಲಿಲ್ಲ. 1904ರಲ್ಲಿ ಪತ್ತಿನ ಸಹಕಾರ ಸಂಘಗಳ ಕಾಯಿದೆ ಬಂದಿತು. ಮರುವರ್ಷವೇ, ಅಂದರೆ 1905ರಲ್ಲಿ, ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ಸ್ಥಾಪಿತವಾದ ಸಂಘವು ಭಾರತದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಪ್ರಸಿದ್ಧವಾಗಿದೆ. 1916ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕೇಂದ್ರ ಸಹಕಾರಿ ಬ್ಯಾಂಕು ಆರಂಭವಾಯಿತು. ಸುಮಾರು ಅದೇ ಕಾಲಕ್ಕೆ ಹುಬ್ಬಳ್ಳಿ ಮತ್ತು ಗದಗಿನಲ್ಲಿ ಹತ್ತಿಯ ಸಹಕಾರಿ ಮಾರಾಟ ಸಂಘಗಳೂ ತಲೆಯೆತ್ತಿದವು. ಸಾಲ ಕೊಡುವುದು ಅರ್ಧ ಕೆಲಸ, ಮಾಲು ಮಾರಿಸಿಕೊಡುವುದು ಉಳಿದರ್ಧ ಕೆಲಸ ಎಂಬ ತಿಳಿವಳಿಕೆಯು ಈ ಭಾಗದ ಸಹಕಾರಿಗಳಿಗೆ ಪುಸ್ತಕದಿಂದ ಬಂದುದಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಈ ತಿಳಿವಳಿಕೆಗೆ ಅಖಿಲ ಭಾರತ ಮಟ್ಟದಲ್ಲಿ ಶಾಸ್ತ್ರೀಯ ರೂಪ ಕೊಟ್ಟದ್ದು ಎ. ಡಿ. ಗೋರವಾಲಾ ಅವರ ಅಧ್ಯಕ್ಷತೆಯ ಗ್ರಾಮೀಣ ಪತ್ತಿನ ಸಮೀಕ್ಷಾ ಸಮಿತಿ. 1951–52ರ ಸಮೀಕ್ಷೆಯನ್ನು ಆಧರಿಸಿ 1954ರಲ್ಲಿ ಹೊರಬಂದ ಅದರ ವರದಿಯಂತೆ, ಬೇಸಾಯಗಾರರು ಆ ವರ್ಷ ಪಡೆದ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಶೇಕಡಾ 3.1, ಸರಕಾರದ ಪಾಲು 3.3, ವಾಣಿಜ್ಯ ಬ್ಯಾಂಕುಗಳ ಪಾಲು 0.9. ವೃತ್ತಿಯ ಸಾಹುಕಾರರ ಪಾಲು 44.8, ಬೇಸಾಯವನ್ನೂ ಮಾಡುವ ಸಾಹುಕಾರರ ಪಾಲು 24.9, ವರ್ತಕರು ಮತ್ತು ದಲಾಲರ ಪಾಲು 5.5. ಸಮಿತಿಯು ಸೂಚಿಸಿದ ಸಮಗ್ರ ಯೋಜನೆಗೆ ಮುಖ್ಯವಾಗಿ ಮೂರು ಅಂಗಗಳಿದ್ದವು. ಸಹಕಾರ ಸಂಘಗಳಲ್ಲಿ ಸರಕಾರದ ಪಾಲುದಾರಿಕೆ ಮೊದಲನೆಯದು. ಪತ್ತಿಗೂ ಮಾರಾಟ, ಸಂಸ್ಕರಣ, ಉಗ್ರಾಣಗಳಿಗೂ ಪೂರ್ಣ ಹೊಂದಾಣಿಕೆ ಎರಡನೆಯದು. ತರಬೇತಾದ ಸಿಬ್ಬಂದಿ ಮೂರನೆಯದು.

ಮುಂದಿನ ದಶಕಗಳಲ್ಲಿ ಮೊದಲನೆಯ ಅಂಗವು ಅತಿಯಾಗಿಯೇ ಬೆಳೆಯಿತು. 1955ರಲ್ಲಿ ಸ್ಟೇಟ್ ಬ್ಯಾಂಕು ಸ್ಥಾಪಿತವಾಯಿತು. 1969ರಲ್ಲಿ 14 ಬ್ಯಾಂಕುಗಳೂ 1980ರಲ್ಲಿ 6 ಬ್ಯಾಂಕುಗಳೂ ರಾಷ್ಟ್ರೀಕರಣಗೊಂಡವು. 1975ರಿಂದ ಗ್ರಾಮೀಣ ಬ್ಯಾಂಕುಗಳು, 1982ರಲ್ಲಿ ನಬಾರ್ಡ್, 1998ರಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡ್ ಬಂದವು. 2019ರ ಸಮೀಕ್ಷೆಯಂತೆ ಕೃಷಿ ಕುಟುಂಬಗಳ ಬಾಕಿ ಸಾಲದಲ್ಲಿ ಶೇಕಡಾ 69.6ರಷ್ಟು ಸಾಂಸ್ಥಿಕ ಮೂಲಗಳದು. 1951–52ರ ಸಂಖ್ಯೆಯು ಒಂದು ವರ್ಷದಲ್ಲಿ ಪಡೆದ ಸಾಲದ ಲೆಕ್ಕ, 2019ರದು ಉಳಿದಿರುವ ಬಾಕಿಯ ಲೆಕ್ಕ. ಆದ್ದರಿಂದ ಇವೆರಡನ್ನು ನೇರವಾಗಿ ಹೋಲಿಸುವುದು ಸಲ್ಲದು. ಆದರೂ ಬದಲಾವಣೆಯ ದಿಕ್ಕಿನಲ್ಲಿ ಸಂದೇಹವಿಲ್ಲ. ಎರಡನೆಯ ಅಂಗಕ್ಕೆ, ಎಂದರೆ ಪತ್ತಿಗೂ ಮಾರಾಟಕ್ಕೂ ಇರಬೇಕಾದ ಹೊಂದಾಣಿಕೆಗೆ, ಈ ಪ್ರಮಾಣದ ಗಮನವು ದೊರೆಯಲಿಲ್ಲ. ನಮ್ಮ ಟೀಕೆಯ ತಿರುಳು ಇಲ್ಲಿದೆ.

2

ಬ್ಯಾಡಗಿಯು ಆಂಧ್ರದ ಗುಂಟೂರಿನ ಅನಂತರ ದೇಶದ ಅತಿ ದೊಡ್ಡ ಮೆಣಸಿನಕಾಯಿ ಪೇಟೆಯೆಂದು ಗಣಿತವಾಗಿದೆ. ಡಬ್ಬಿ ಮತ್ತು ಕಡ್ಡಿ ಎಂಬ ಎರಡು ಬಗೆಗಳುಳ್ಳ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಲಿಕ ಸೂಚಕದ ಮಾನ್ಯತೆ ದೊರೆಯಿತು. ಖಾರ ಕಡಿಮೆ, ಬಣ್ಣ ಹೆಚ್ಚು. ಇದೇ ಅದರ ಬೆಲೆಯ ಗುಟ್ಟು. ಅದರಿಂದ ತೆಗೆಯುವ ಓಲಿಯೊರೆಸಿನ್ ಎಂಬ ಸತ್ವವು ಆಹಾರಪದಾರ್ಥಗಳಿಗೂ ಸೌಂದರ್ಯಸಾಧನಗಳಿಗೂ ಬಣ್ಣವಾಗಿ ಹೋಗುತ್ತದೆ. ಬೆಳಕು ಮತ್ತು ಶಾಖಕ್ಕೆ ಈ ಬಣ್ಣವು ಬೇಗ ಮಾಸುವುದರಿಂದ ಪಟ್ಟಣದ ಸುತ್ತ ಶೀತಲಗೃಹಗಳ ಸಾಲೇ ಬೆಳೆದಿದೆ. ಹಾವೇರಿ, ಧಾರವಾಡ, ಗದಗ ಜಿಲ್ಲೆಗಳ ಮಾಲಿನೊಡನೆ ಬಳ್ಳಾರಿ, ರಾಯಚೂರು, ಕೊಪ್ಪಳ ಮತ್ತು ಆಂಧ್ರದ ನೀರಾವರಿ ಪ್ರದೇಶಗಳ ಮಾಲೂ ಇಲ್ಲಿಗೆ ಬರುತ್ತದೆ.

ಈಗ ಬೆಳೆಯ ಕಾಲವನ್ನೂ ಸಾಲದ ಕಾಲವನ್ನೂ ಜೊತೆಗಿಟ್ಟು ನೋಡೋಣ. ಸಸಿ ನೆಡುವುದು ಮುಂಗಾರಿನಲ್ಲಿ. ಹಣ್ಣು ಬಿಡಿಸಿ ಕಣದಲ್ಲಿ ಒಣಗಿಸುವುದು ಚಳಿಗಾಲದಲ್ಲಿ. ಪೇಟೆಗೆ ಆವಕವು ಒತ್ತಿ ಬರುವುದು ಜನವರಿಯಿಂದ ಬೇಸಿಗೆಯ ಆರಂಭದವರೆಗೆ. ಬೆಳೆಸಾಲವು ಎಕರೆಗೆ ಇಷ್ಟೆಂದು ಬೆಳೆಯ ಖರ್ಚಿನ ಮೇಲೆ ನಿಗದಿಯಾಗುತ್ತದೆ. ಮುಂಗಾರಿನಲ್ಲಿ ಕೈಗೆ ಬರುತ್ತದೆ. ಬಡ್ಡಿಯ ರಿಯಾಯಿತಿ ಬೇಕಾದರೆ ಗೊತ್ತಾದ ಗಡುವಿನೊಳಗೆ ತೀರಬೇಕು. ಬ್ಯಾಂಕುಗಳ ಲೆಕ್ಕದ ವರ್ಷವೂ ಮಾರ್ಚ್ 31ಕ್ಕೆ ಮುಗಿಯುತ್ತದೆ. ಹೀಗೆ ಸಾವಿರಾರು ರೈತರು ಒಂದೇ ಸಮಯಕ್ಕೆ ಹಣದ ಅಗತ್ಯದಿಂದ ಮಾಲನ್ನು ಹೊರಡಿಸುತ್ತಾರೆ. ಬಿತ್ತನೆಯಿಂದ ಕೊಯ್ಲಿನವರೆಗೆ ಕೈಹಿಡಿದು ನಡೆಸಿದ ಸಂಸ್ಥೆಯು, ಬೆಲೆಯ ನಿರ್ಣಯವಾಗುವ ವಾರದಲ್ಲಿ ಕೈ ಬಿಡುತ್ತದೆ. ಬಿಡುವುದಷ್ಟೇ ಅಲ್ಲ, ಮಾರಾಟಕ್ಕೆ ಅವಸರಪಡಿಸುವವರಲ್ಲಿ ತಾನೂ ಒಂದಾಗುತ್ತದೆ.

ಇದರ ತೂಕವನ್ನು ಒಂದು ಕಾಲ್ಪನಿಕ ಲೆಕ್ಕದಿಂದ ತೋರಿಸಬಹುದು. ಒಬ್ಬ ರೈತನು 1,00,000 ರೂಪಾಯಿ ಬೆಳೆಸಾಲ ಪಡೆದು 15 ಕ್ವಿಂಟಲು ಒಣಮೆಣಸಿನಕಾಯಿ ಬೆಳೆದನೆನ್ನೋಣ. ಶೇಕಡಾ 7ರ ಬಡ್ಡಿಯನ್ನು ಪೂರ್ತಿಯಾಗಿ ಮನ್ನಾ ಮಾಡಿದರೂ ಅವನಿಗೆ ವರ್ಷಕ್ಕೆ ಉಳಿಯುವುದು 7,000 ರೂಪಾಯಿ. ಸುಗ್ಗಿಯ ಧಾರಣೆಗೂ ಕೆಲವು ತಿಂಗಳ ಅನಂತರದ ಧಾರಣೆಗೂ ಕ್ವಿಂಟಲಿಗೆ ಸುಮಾರು 467 ರೂಪಾಯಿಯ ಅಂತರವಿದ್ದರೆ ಅಷ್ಟಕ್ಕಷ್ಟೇ ಸರಿಹೋಗುತ್ತದೆ. 1,000 ರೂಪಾಯಿಯ ಅಂತರವಿದ್ದರೆ 15,000 ರೂಪಾಯಿಯ ವ್ಯತ್ಯಾಸವಾಗುತ್ತದೆ. ಮೆಣಸಿನಕಾಯಿಯ ಧಾರಣೆಯು ಕ್ವಿಂಟಲಿಗೆ ಸಾವಿರಗಳ ಲೆಕ್ಕದಲ್ಲಿ ಏರಿಳಿಯುವ ಪೇಟೆಯಲ್ಲಿ, ಬಡ್ಡಿಯ ದರಕ್ಕಿಂತ ಮಾರುವ ದಿನವು ರೈತನ ವರಮಾನವನ್ನು ಹೆಚ್ಚಾಗಿ ನಿರ್ಣಯಿಸುತ್ತದೆಂಬುದು ಇದರಿಂದ ಸ್ಪಷ್ಟ. ಹೀಗಿದ್ದರೂ ರಾಜ್ಯದ ಕೃಷಿಪತ್ತಿನ ಚರ್ಚೆಯು ಬಡ್ಡಿಯ ದರದ ಸುತ್ತಲೇ ಸುತ್ತುತ್ತದೆ. ಸಹಕಾರ ಸಂಘಗಳ ಮೂಲಕ ಬಡ್ಡಿಯಿಲ್ಲದೆ ಕೊಡುವ ಅಲ್ಪಾವಧಿ ಸಾಲದ ಮಿತಿಯನ್ನು ಕರ್ನಾಟಕ ಸರಕಾರವು 2023ರಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿತು. ಈ ನೆರವು ರೈತನಿಗೆ ಬೇಡವಾದುದೆಂದು ನಾವು ಹೇಳುವುದಿಲ್ಲ. ಅದು ಸಮಸ್ಯೆಯ ಚಿಕ್ಕ ಭಾಗವನ್ನು ಮುಟ್ಟುತ್ತದೆಂದಷ್ಟೇ ನಮ್ಮ ವಾದ.

ಇಲ್ಲಿ ದಲಾಲಿ ಅಂಗಡಿಯ ಸ್ಥಾನವನ್ನು ಪಕ್ಷಪಾತವಿಲ್ಲದೆ ನೋಡುವುದು ಅವಶ್ಯ. ಸಹಕಾರಿ ಸಾಹಿತ್ಯದಲ್ಲಿ ದಲಾಲನು ಸಾಮಾನ್ಯವಾಗಿ ಶೋಷಕನ ಪಾತ್ರವನ್ನೇ ವಹಿಸಿದ್ದಾನೆ. ಆದರೆ ಅವನು ಮಾಡುವ ಕೆಲಸವಾದರೂ ಏನು? ಮದುವೆಗೋ ಔಷಧಕ್ಕೋ ಗೊಬ್ಬರಕ್ಕೋ ಕೇಳಿದ ದಿನ ಮುಂಗಡ ಕೊಡುತ್ತಾನೆ. ಪಹಣಿ ಪತ್ರವನ್ನು ಕೇಳುವುದಿಲ್ಲ. ಬೆಳೆ ಬಂದಾಗ ಮಾಲು ತನ್ನ ಅಂಗಡಿಗೆ ಬರಬೇಕೆಂಬುದೊಂದೇ ಅವನ ಕರಾರು. ಮಾರಾಟದ ದಿನವೇ ಮುಂಗಡವನ್ನು ಮುರಿದುಕೊಂಡು ಉಳಿದುದನ್ನು ಕೊಡುತ್ತಾನೆ. ಎಂದರೆ, 1954ರ ಸಮಿತಿಯು ಸಹಕಾರ ಸಂಘದಿಂದ ಅಪೇಕ್ಷಿಸಿದ ಪತ್ತು–ಮಾರಾಟಗಳ ಹೊಂದಾಣಿಕೆಯನ್ನು ದಲಾಲನು ಯಾವ ವರದಿಯ ನೆರವೂ ಇಲ್ಲದೆ ಸಾಧಿಸಿದ್ದಾನೆ. ಸಂಸ್ಥೆಗಳ ಸಾಲವು ಇಷ್ಟು ಬೆಳೆದರೂ ಅವನ ಅಂಗಡಿಯು ಮುಚ್ಚದಿರುವುದಕ್ಕೆ ಕಾರಣ ರೈತನ ಅಜ್ಞಾನವಲ್ಲ. ಅವನ ಹೊಂದಾಣಿಕೆಯಲ್ಲಿರುವ ಕೊರತೆ ಬೇರೆಯದು: ಅದು ರೈತನಿಗೆ ಹಣ ಕೊಡುತ್ತದೆ, ಕಾಯುವ ಸ್ವಾತಂತ್ರ್ಯವನ್ನೂ ಅಂಗಡಿಯನ್ನು ಆಯುವ ಸ್ವಾತಂತ್ರ್ಯವನ್ನೂ ಕೊಡುವುದಿಲ್ಲ. ಸಹಕಾರದ ಸಾಲವು ಕೊಡಬೇಕಾಗಿದ್ದುದು ಈ ಸ್ವಾತಂತ್ರ್ಯವನ್ನೇ.

3

ಈಗ ಅಂಕಿಸಂಖ್ಯೆಗಳ ಪ್ರಶ್ನೆಗೆ ಬರೋಣ. ಕೇಂದ್ರ ಸರಕಾರವು 2023–24ನೆಯ ಸಾಲಿಗೆ 20 ಲಕ್ಷ ಕೋಟಿ ರೂಪಾಯಿಗಳ ಕೃಷಿಸಾಲದ ಗುರಿಯನ್ನಿಟ್ಟಿತ್ತು. ಈ ಬಗೆಯ ಮೊತ್ತವನ್ನು ಸಂಶೋಧಕರು ರೈತನ ಬಂಡವಾಳವೆಂದು ಓದುವುದು ವಾಡಿಕೆ. ಆದರೆ 2015ರಲ್ಲಿ ರಿಸರ್ವ್ ಬ್ಯಾಂಕು ಆದ್ಯತಾವಲಯದ ನಿಯಮಗಳನ್ನು ಪರಿಷ್ಕರಿಸಿದಾಗ ಪ್ರತ್ಯಕ್ಷ ಮತ್ತು ಪರೋಕ್ಷ ಕೃಷಿಸಾಲಗಳೆಂಬ ಹಳೆಯ ಭೇದವನ್ನು ತೆಗೆದುಹಾಕಿತು. ಬೆಳೆಗಾರನ ಸಾಲ, ಶೀತಲಗೃಹ ಕಟ್ಟಿದವನ ಸಾಲ, ಗೊತ್ತಾದ ಮಿತಿಯೊಳಗೆ ಸಂಸ್ಕರಣ ಘಟಕದ ಸಾಲ, ಇವೆಲ್ಲವೂ ಕೃಷಿ ಎಂಬ ಒಂದೇ ಶೀರ್ಷಿಕೆಯ ಕೆಳಗೆ ಬರಬಹುದು. ಬ್ಯಾಡಗಿಯಲ್ಲಿ ಈ ಮೂವರೂ ಒಂದೇ ಪೇಟೆಯಲ್ಲಿದ್ದಾರೆ. ಆದರೆ ಧಾರಣೆ ಇಳಿದ ದಿನ ಇವರ ಹಿತಗಳು ಒಂದೇ ಆಗಿರುವುದಿಲ್ಲ. ಅಗ್ಗವಾಗಿ ಕೊಂಡು ತಣ್ಣಗೆ ಇಟ್ಟುಕೊಳ್ಳಬಲ್ಲವನ ಲಾಭವು ಬಿಸಿಲಿನ ಕಣದಲ್ಲಿ ಕಾಯಲಾರದವನ ನಷ್ಟದಿಂದ ಬರಬಹುದು. ಒಟ್ಟು ಮೊತ್ತವು ಇದನ್ನು ಕಾಣಿಸುವುದಿಲ್ಲ. ಅತ್ತ ರಾಷ್ಟ್ರೀಯ ವರಮಾನದ ಲೆಕ್ಕದಲ್ಲಿಯೂ ಮೆಣಸಿನಕಾಯಿಯ ಬಣ್ಣವು ಸತ್ವವಾದೊಡನೆ ಕೃಷಿಯ ಅಂಕಣವನ್ನು ಬಿಟ್ಟು ಕೈಗಾರಿಕೆಯ ಅಂಕಣವನ್ನು ಸೇರುತ್ತದೆ. ಆದ್ದರಿಂದ ಕೃಷಿಸಾಲವನ್ನು ಕೃಷಿ ಉತ್ಪನ್ನದೊಡನೆ ಮಾತ್ರ ಹೋಲಿಸುವವನು ಎರಡು ಕಡೆಯಲ್ಲಿಯೂ ಅಸಮವಾದ ಅಳತೆಗೋಲನ್ನು ಹಿಡಿದಂತಾಗುತ್ತದೆ.

ಪತ್ತಿನ ಪಟ್ಟಿಯಲ್ಲಿ ಹೆಸರೇ ಇಲ್ಲದವರೂ ಇದ್ದಾರೆ. 1974ರ ತಿದ್ದುಪಡಿಯಾದ ಮೇಲೆ ಕರ್ನಾಟಕದ ಭೂಸುಧಾರಣಾ ಶಾಸನವು ಕೆಲವೇ ಅಪವಾದಗಳನ್ನು ಬಿಟ್ಟು ಗೇಣಿಯನ್ನು ನಿಷೇಧಿಸಿದೆ. ಹಳ್ಳಿಗಳಲ್ಲಿ ಲಾವಣಿಗೆ ಹೊಲ ಹಿಡಿಯುವುದು ಬಾಯಿಮಾತಿನ ಕರಾರಾಗಿ ಉಳಿದುಕೊಂಡಿದೆ. ಪಹಣಿಯಲ್ಲಿ ಹೆಸರಿಲ್ಲದವನಿಗೆ ಬೆಳೆಸಾಲ ದೊರೆಯುವುದು ಕಷ್ಟ. ಹೊಲವನ್ನು ಲಾವಣಿಗೆ ಕೊಟ್ಟವನು ತನ್ನ ಹೆಸರಿನಲ್ಲಿ ಸಾಲ ಪಡೆಯುವುದು ಸುಲಭ. 1990 ಮತ್ತು 2008ರಲ್ಲಿ ಕೇಂದ್ರವೂ 2018ರಲ್ಲಿ ರಾಜ್ಯವೂ ಸಾರಿದ ಸಾಲಪರಿಹಾರಗಳು ಸ್ವಭಾವತಃ ಸಂಸ್ಥೆಗಳ ಪುಸ್ತಕದಲ್ಲಿದ್ದವರನ್ನೇ ತಲಪಿದವು. ಉತ್ಪಾದಿಸುವವನೊಬ್ಬ, ಸಾಲಗಾರನೊಬ್ಬನಾದಲ್ಲಿ ಸಾಲದಿಂದ ಉತ್ಪಾದನೆ ಬೆಳೆಯಿತೆಂಬ ವಾಕ್ಯಕ್ಕೆ ಅರ್ಥವೇನು?

4

ನಮ್ಮ ವಾದಕ್ಕೆ ವಿರುದ್ಧವಾಗಿ ಹೇಳಬಹುದಾದ ಮಾತುಗಳೂ ಉಂಟು. ಮೊದಲನೆಯದು: ಸಾಲದ ವಿಸ್ತರಣವು ನಿಷ್ಫಲವಾಗಿಲ್ಲ. 1995ರಲ್ಲಿ ಬಿನ್ಸ್‌ವಾಂಗರ್ ಮತ್ತು ಖಂಡ್ಕರ್ ಅವರು ಭಾರತದ ಜಿಲ್ಲಾವಾರು ಅಂಕಿಗಳಿಂದ, ಗ್ರಾಮೀಣ ಪತ್ತು ಗೊಬ್ಬರದ ಬಳಕೆಯನ್ನು ಹೆಚ್ಚಿಸಿತೆಂದೂ, ಬೆಳೆಯ ಹುಟ್ಟುವಳಿಯ ಮೇಲೆ ಅದರ ಪರಿಣಾಮ ಅಲ್ಪವೆಂದೂ, ಕೃಷಿಯೇತರ ಗ್ರಾಮೀಣ ಉದ್ಯೋಗದ ಮೇಲೆ ಹೆಚ್ಚೆಂದೂ ಕಂಡುಕೊಂಡರು. 2005ರಲ್ಲಿ ಬರ್ಜೆಸ್ ಮತ್ತು ಪಾಂಡೆ ಅವರು, ಪಟ್ಟಣದಲ್ಲಿ ಒಂದು ಶಾಖೆ ತೆರೆಯಬೇಕಾದರೆ ಬ್ಯಾಂಕಿಲ್ಲದ ನಾಲ್ಕು ಊರುಗಳಲ್ಲಿ ಶಾಖೆ ತೆರೆಯಬೇಕೆಂಬ 1977–1990ರ ನಿಯಮವನ್ನು ಪರಿಶೀಲಿಸಿ, ಅದರಿಂದ ಗ್ರಾಮೀಣ ಬಡತನವು ತಗ್ಗಿತೆಂದು ನಿರ್ಣಯಿಸಿದರು. ಇವು ಆದರಣೀಯವಾದ ಫಲಿತಾಂಶಗಳು. ಆದರೆ ಇವು ನಮ್ಮ ಮಾತನ್ನು ಖಂಡಿಸುವುದಕ್ಕಿಂತ ಹೆಚ್ಚಾಗಿ ಬೆಂಬಲಿಸುತ್ತವೆ. ಹೊಲಕ್ಕೆಂದು ಕೊಟ್ಟ ಹಣದ ಫಲವು ಹೊಲದಲ್ಲಿ ಅಲ್ಪವಾಗಿಯೂ ಹೊಲದ ಹೊರಗೆ ಹೆಚ್ಚಾಗಿಯೂ ಕಂಡುಬಂದರೆ, ಆ ಫಲವು ಯಾವ ದಾರಿಯಿಂದ ಅಲ್ಲಿಗೆ ಹೋಯಿತೆಂಬುದೇ ಸಂಶೋಧನೆಯ ವಿಷಯವಾಗಬೇಕು.

ಎರಡನೆಯದು: ಅಡಮಾನ ಸಾಲದಿಂದಲೇ ಎಲ್ಲವೂ ಸರಿಹೋಗುವುದೆ? 2007ರ ಉಗ್ರಾಣ ಕಾಯಿದೆಯು ವರ್ಗಾಯಿಸಬಹುದಾದ ರಸೀತಿಗೆ ಶಾಸನದ ಬಲ ಕೊಟ್ಟಿದೆ. ದಾಸ್ತಾನಿನ ರಸೀತಿಯ ಮೇಲೆ ಬ್ಯಾಂಕುಗಳು ಸಾಲ ಕೊಡುತ್ತವೆ. ಸಣ್ಣ ರೈತರಿಗೆ ಸುಗ್ಗಿಯ ಅನಂತರ ಆರು ತಿಂಗಳವರೆಗೆ ಬಡ್ಡಿಯ ರಿಯಾಯಿತಿಗೂ ಅವಕಾಶವಿದೆ. ಆದರೆ ಕಾಯುವುದೆಂದರೆ ಗೆಲ್ಲುವುದೆಂದಲ್ಲ. ಹಿಂದಿನ ವರ್ಷದ ಒಳ್ಳೆಯ ಧಾರಣೆಯಿಂದ ಉತ್ತೇಜಿತರಾದ ರೈತರು ಬೆಳೆಯ ಕ್ಷೇತ್ರವನ್ನು ಹೆಚ್ಚಿಸಿದರೆ, ಮರುವರ್ಷದ ಆವಕವೂ ಶೀತಲಗೃಹದ ಹಳೆಯ ದಾಸ್ತಾನೂ ಒಟ್ಟಿಗೆ ಪೇಟೆಗೆ ಇಳಿಯುತ್ತವೆ. ಮೇಲಿನ ಲೆಕ್ಕದ ರೈತನೇ ಅಂತಹ ವರ್ಷದಲ್ಲಿ ಕಾದಿದ್ದರೆ, ಕ್ವಿಂಟಲಿಗೆ 1,000 ರೂಪಾಯಿ ಇಳಿದಾಗ 15,000 ರೂಪಾಯಿಯ ಜೊತೆಗೆ ಬಾಡಿಗೆಯನ್ನೂ ಕಳೆದುಕೊಳ್ಳುವನು. ಮೆಣಸಿನಕಾಯಿಯು ಕೇಂದ್ರದ ಬೆಂಬಲ ಬೆಲೆಯ ಪಟ್ಟಿಯಲ್ಲಿಯೂ ಇಲ್ಲ. 2024ರ ಮಾರ್ಚ್ 11ರಂದು ಬ್ಯಾಡಗಿಯ ಪೇಟೆಯಲ್ಲಿ ಧಾರಣೆ ಕುಸಿದುದಕ್ಕೆ ರೊಚ್ಚಿಗೆದ್ದ ರೈತರು ಮಾರುಕಟ್ಟೆ ಸಮಿತಿಯ ಕಚೇರಿಯ ಮೇಲೆ ನುಗ್ಗಿ ವಾಹನಗಳಿಗೆ ಬೆಂಕಿಯಿಟ್ಟರು. ಆ ಕೃತ್ಯವನ್ನು ಯಾರೂ ಸಮರ್ಥಿಸಲಾರರು. ಆದರೆ ಸಾಲವು ಹೆಚ್ಚಿದರೆ ವರಮಾನವು ಹೆಚ್ಚುವುದೆಂಬ ಸೂತ್ರವು ಒಂದು ಮುಂಜಾನೆಯ ಧಾರಣೆಯ ಮುಂದೆ ಎಷ್ಟು ದುರ್ಬಲವೆಂಬುದನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಯು ಅದರಿಂದ ಕಲಿಯದಿರಲಾಗದು.

ಸಾಲವು ಹಣವನ್ನು ಕೊಡಬಲ್ಲುದು, ವಸ್ತುವನ್ನು ಹುಟ್ಟಿಸಲಾರದು ಎಂಬುದಕ್ಕೂ ಇದೇ ಜಿಲ್ಲೆ ಸಾಕ್ಷಿಯಾಗಿದೆ. 2008ರ ಜೂನಿನಲ್ಲಿ ಹಾವೇರಿಯಲ್ಲಿ ರಸಗೊಬ್ಬರದ ಅಭಾವವನ್ನು ಪ್ರತಿಭಟಿಸಿದ ರೈತರು ಪೊಲೀಸರ ಗುಂಡಿಗೆ ಬಲಿಯಾದರು. ಬಿತ್ತನೆಯ ಹೊತ್ತಿಗೆ ಗೊಬ್ಬರವೇ ದೊರೆಯದಿದ್ದಾಗ ಅದಕ್ಕೆಂದು ಮಂಜೂರಾದ ಸಾಲದಿಂದ ಆಗುವ ಪ್ರಯೋಜನವೇನು?

ಮೂರನೆಯದು: ಪತ್ತು ಮತ್ತು ಮಾರಾಟ ಒಂದಾದೊಡನೆ ರೈತನಿಗೆ ಹಿತವಾಗುವುದೆಂದೂ ಹೇಳಲಾಗದು. ರಾಣೆಬೆನ್ನೂರಿನ ಸುತ್ತಣ ಸಂಕರ ಬೀಜೋತ್ಪಾದನೆಯು ಇದಕ್ಕೆ ನಿದರ್ಶನ. ಧಾರವಾಡದಲ್ಲಿ 1972ರಲ್ಲಿ ವರಲಕ್ಷ್ಮಿ ಎಂಬ ಸಂಕರ ಹತ್ತಿಯು ಸಿದ್ಧವಾದ ಮೇಲೆ, ಹೂವು ಹೂವಿಗೂ ಕೈಯಿಂದ ಪರಾಗಸ್ಪರ್ಶ ಮಾಡಿಸುವ ಈ ಕಸುಬಿಗೆ ದಾರಿಯಾಯಿತು. ಕಂಪನಿಯ ಪರವಾದ ಮಧ್ಯಸ್ಥನು ಮೂಲಬೀಜವನ್ನೂ ಮುಂಗಡವನ್ನೂ ಕೊಡುತ್ತಾನೆ. ಬೆಲೆಯನ್ನು ಮೊದಲೇ ಗೊತ್ತುಮಾಡುತ್ತಾನೆ. ಧಾರಣೆಯ ಭಯ ಇಲ್ಲಿಲ್ಲ. ಆದರೆ ಬೀಜವು ಗುಣಪರೀಕ್ಷೆಯಲ್ಲಿ ತೇರ್ಗಡೆಯಾಗುವವರೆಗೆ ಪೂರ್ತಿ ಹಣ ಬರುವುದಿಲ್ಲ. ತೇರ್ಗಡೆಯಾಗದಿದ್ದರೆ ನಷ್ಟವು ಬೆಳೆದವನದು. ಬೆಲೆಯ ಅಪಾಯವು ಗುಣದ ಅಪಾಯವಾಗಿ ರೂಪಾಂತರಗೊಂಡಿತೇ ಹೊರತು ರೈತನ ಹೆಗಲಿನಿಂದ ಇಳಿಯಲಿಲ್ಲ. ಬ್ಯಾಡಗಿಯ ದಲಾಲ, ರಾಣೆಬೆನ್ನೂರಿನ ಮಧ್ಯಸ್ಥ, ಸಹಕಾರ ಸಂಘ ಇವರಲ್ಲಿ ಭೇದವನ್ನು ನಿರ್ಣಯಿಸುವುದು ಸಾಲದ ಮೊತ್ತವೂ ಅಲ್ಲ, ಬಡ್ಡಿಯೂ ಅಲ್ಲ. ಅಪಾಯವನ್ನು ಹೊರುವವರಾರು ಎಂಬುದು.

5

ಇಷ್ಟರಿಂದ ನಾವು ತಲಪುವ ನಿರ್ಣಯವನ್ನು ಸಂಗ್ರಹಿಸಿ ಹೇಳಬಹುದು. ಕೃಷಿಪತ್ತು ಆರ್ಥಿಕ ಬೆಳವಣಿಗೆಗೆ ಕಾರಣವಾಗುವುದು ಅದು ಬೆಳೆಯ ಸಂಗಡ ಕಣವನ್ನು ದಾಟಿ ಪೇಟೆಯವರೆಗೂ ಬಂದಾಗ, ಮತ್ತು ಅಲ್ಲಿನ ಅಪಾಯದಲ್ಲಿ ಸಾಲ ಕೊಟ್ಟ ಸಂಸ್ಥೆಯೂ ಒಂದಿಷ್ಟು ಪಾಲನ್ನು ಹೊತ್ತಾಗ. ಕೊಯ್ಲಿಗೇ ನಿಂತುಬಿಡುವ ಪತ್ತು ಹುಟ್ಟುವಳಿಯನ್ನು ಹೆಚ್ಚಿಸಬಹುದು. ಆದರೆ ಹೆಚ್ಚಿದ ಹುಟ್ಟುವಳಿಯು ಒಂದೇ ತಿಂಗಳಲ್ಲಿ ಪೇಟೆಗೆ ನುಗ್ಗಿದರೆ ಬೆಲೆಯನ್ನು ತಗ್ಗಿಸಿ, ಬೆಳವಣಿಗೆಯ ಫಲವನ್ನು ಬೆಳೆದವನ ಕೈಯಿಂದ ಕಾಯಬಲ್ಲವನ ಕೈಗೆ ದಾಟಿಸುತ್ತದೆ. ಬೆಳೆದವನ ಕೈಯಲ್ಲಿ ಹಣ ಉಳಿಯದಿದ್ದರೆ ಹಳ್ಳಿಯ ಅಂಗಡಿ, ಶಾಲೆ, ಕಸುಬುಗಳಿಗೆ ಹರಿಯಬೇಕಾದ ಬೇಡಿಕೆಯೂ ಬತ್ತುತ್ತದೆ. ರಾಷ್ಟ್ರೀಯ ವರಮಾನದಲ್ಲಿ ಕೃಷಿಯ ಪಾಲು ಸ್ವಾತಂತ್ರ್ಯದ ಆರಂಭದಲ್ಲಿ ಸುಮಾರು ಅರ್ಧದಷ್ಟಿದ್ದುದು ಈಗ ಐದನೆಯ ಒಂದು ಭಾಗಕ್ಕಿಂತ ಕೆಳಗಿಳಿದಿದೆ. ಅದನ್ನು ನೆಚ್ಚಿದ ದುಡಿಮೆಗಾರರ ಪಾಲು ಆ ಪ್ರಮಾಣದಲ್ಲಿ ಇಳಿದಿಲ್ಲ. ಆದ್ದರಿಂದ ಈ ಪ್ರಶ್ನೆಯು ಕೇವಲ ಶಾಸ್ತ್ರಚರ್ಚೆಯ ವಿಷಯವಲ್ಲ.

ನಮ್ಮ ವಿಭಾಗಗಳಲ್ಲಿ ಈ ವಿಷಯವನ್ನು ಕೈಗೊಳ್ಳುವ ವಿದ್ಯಾರ್ಥಿಗಳು ರಾಷ್ಟ್ರದ ಒಟ್ಟು ಮೊತ್ತಗಳಿಗೆ ತೊಡಗುವ ಮೊದಲು ಒಂದು ಪೇಟೆಯನ್ನು ಆರಿಸಿಕೊಳ್ಳಲಿ. ಅಲ್ಲಿಗೆ ಬರುವ ಮಾಲಿನ ತಿಂಗಳುವಾರು ಆವಕ, ತಿಂಗಳುವಾರು ಧಾರಣೆ, ಆ ಪೇಟೆಗೆ ಮಾಲು ಕಳುಹಿಸುವ ಹಳ್ಳಿಗಳ ಸಹಕಾರ ಸಂಘಗಳ ತಿಂಗಳುವಾರು ವಸೂಲಿ, ಶೀತಲಗೃಹದ ರಸೀತಿಗಳಲ್ಲಿ ಬೆಳೆಗಾರರವು ಎಷ್ಟು, ವರ್ತಕರವು ಎಷ್ಟು, ಈ ನಾಲ್ಕನ್ನು ಒಂದೇ ಹಾಳೆಯ ಮೇಲೆ ಬರೆದು ನೋಡಲಿ. ಮಾರುಕಟ್ಟೆ ಸಮಿತಿಯ ದಫ್ತರವೂ ಸಂಘದ ಖಾತೆಕಿರ್ದಿಗಳೂ ನಮ್ಮ ಕಾಲೇಜುಗಳಿಂದ ಬಹು ದೂರದಲ್ಲಿಲ್ಲ. ಕಣಗಿನಹಾಳದಲ್ಲಿ ಆರಂಭವಾದ ಪ್ರಯೋಗವು ನೂರಿಪ್ಪತ್ತು ವರ್ಷಗಳ ಅನಂತರವೂ ಅರ್ಧದಾರಿಯಲ್ಲಿದೆಯೆಂದು ನಾವು ಹೇಳಿದುದು ಸರಿಯೋ ತಪ್ಪೋ ಎಂಬುದು ಆ ಹಾಳೆಯಿಂದ ಗೊತ್ತಾಗುವುದು.